ಬಂಡೆಯ ಮೇಲಿನ ಒದ್ದೆ ಹೆಜ್ಜೆ

"ತಿರುಗಬೇಡ, ಮುದುಕಾ! ಹೆಜ್ಜೆ ಹುಡುಕು!"

ಪಿಸ್ತೂಲಿನ ಮೂತಿ ನನ್ನ ಕತ್ತಿಗೆ ಒತ್ತಿತು. ತಣ್ಣಗಿತ್ತು.

ಹೆಂಡತಿ ತೀರಿಕೊಂಡ ಮೇಲೆ ನನಗೆ ಸಾವಿನ ಭಯವಿಲ್ಲ ಎಂದುಕೊಂಡಿದ್ದೆ. ಸುಳ್ಳು! ಬಾಯಿ ಒಣಗಿ ದೇವರ ಹೆಸರು ಕೂಡ ಹೊರಡಲಿಲ್ಲ, ಸ್ವಾಮಿ.

ಪಿಸ್ತೂಲು ಹಿಡಿದಿದ್ದವನು ಅದೇ ಬೆಳಿಗ್ಗೆ ನನ್ನ ಕಾಲು ಹಿಡಿದು ಅತ್ತಿದ್ದ.

"ನನ್ನ ಹೆಂಡತಿ ಕಾಡಲ್ಲಿ ದಾರಿ ತಪ್ಪಿದ್ದಾಳೆ, ಯಜಮಾನ್ರೇ! ನಾನು ಜೀಪಲ್ಲೇ ಮಲಗಿದ್ದೆ. ಎದ್ದು ನೋಡಿದ್ರೆ ಇಲ್ಲ!"

ಕಾಡಿನಲ್ಲಿ ಕಳೆದುಹೋದವರನ್ನು ಹುಡುಕುವುದು ನನ್ನ ಕೆಲಸ. ನನ್ನ ತಮ್ಮ ತಂಡ ಕಟ್ಟಿಕೊಂಡು ಗುಡ್ಡದ ಆಚೆಯಿಂದ ಹುಡುಕುತ್ತಿದ್ದ. ನಾನು ಈ ಗಂಡನೊಂದಿಗೆ ಜೀಪಿನ ಕಡೆಯಿಂದ ಹೊರಟೆ.

ಮೊದಲು ಅನುಮಾನ ಬಂದದ್ದು ಸೀಟಿಯಿಂದ. ನಾವು ಸೀಟಿ ಊದಿ, ಉಸಿರು ಬಿಗಿಹಿಡಿದು ಕಿವಿಗೊಡುತ್ತೇವೆ. ಕಳೆದುಹೋದವರು ಹೇಗಾದರೂ ಮಾಡಿ ಓಗೊಡುತ್ತಾರೆ. ಆದರೆ ಪ್ರತಿ ಸೀಟಿಯ ಹಿಂದೆಯೇ ಇವನು ಅವಳ ಹೆಸರು ಹಿಡಿದು ಕೂಗುತ್ತಿದ್ದ.

ಕಾಡು ಇನ್ನಷ್ಟು ಸುಮ್ಮನಾಗುತ್ತಿತ್ತು...

ಆಮೇಲೆ ಹೆಜ್ಜೆ. ನೆಲಕ್ಕೆ ಕೆನ್ನೆ ಒತ್ತಿ, ಓರೆ ಬಿಸಿಲಿಗೆ ಎದುರಾಗಿ ನೋಡಬೇಕು. ಆಗ ಗುರುತಿನ ಅಂಚಿನಲ್ಲಿ ನೆರಳು ಬೀಳುತ್ತದೆ. ದಾರಿ ತಪ್ಪಿದವರು ನಿಲ್ಲುತ್ತಾರೆ, ತಡವರಿಸುತ್ತಾರೆ, ಬಂದಲ್ಲಿಗೇ ಸುತ್ತಿ ಬರುತ್ತಾರೆ. ಇವಳು ಬರಿಗಾಲು. ಹೆಜ್ಜೆ ಉದ್ದುದ್ದ. ಬೆರಳು ಮಣ್ಣಿನಲ್ಲಿ ಆಳಕ್ಕಿಳಿದಿತ್ತು.

ಓಡಿದ್ದಳು!

ಅವಳ ಗುರುತಿನ ಮೇಲೆ ಇನ್ನೊಂದು ಗುರುತು. ಶೂ. ಹಿಮ್ಮಡಿಯ ಒಂದು ಚೂರು ಹಾರಿಹೋಗಿತ್ತು.

ನಾನು ತಿರುಗಿ, ಗಂಡ ಆಗತಾನೇ ಇಟ್ಟ ಹೆಜ್ಜೆಯನ್ನು ನೋಡಿದೆ. ಅದೇ ಹಿಮ್ಮಡಿ! ನನ್ನ ಕಣ್ಣು ಹೋದಲ್ಲಿಗೆ ಅವನ ಕಣ್ಣೂ ಹೋಯಿತು.

"ಕಣ್ಣು ಚುರುಕಾಗಿದೆ ನಿಂದು," ಎಂದ. ಪಿಸ್ತೂಲು ಹೊರಬಂತು. ನನ್ನ ವೈರ್‌ಲೆಸ್ ಅವನ ಜೇಬಿಗೆ ಹೋಯಿತು.

"ಪೊಲೀಸಿಗೆ ಹೇಳ್ತೀನಿ ಅಂತಾಳೆ! ಹೊಡೆದದ್ದೆಲ್ಲ ಹೇಳ್ತಾಳಂತೆ! ಅಟ್ಟಿಸಿಕೊಂಡು ಹೋದೆ, ಸಿಗಲಿಲ್ಲ. ನೀನು ಹುಡುಕಿಕೊಡು."

"ಸಿಕ್ಕಿದ್ರೆ?"

"ಬಂಡೆ ಮೇಲಿಂದ ಬಿದ್ದು ಸತ್ತಳು ಅಂತ ಅಳ್ತೀನಿ. ನಾನು ಅಳೋದನ್ನ ನೋಡಿದ್ದೀಯಲ್ಲ?"

"ನಾನು?"

"ಪಾಪ, ವಯಸ್ಸಾದವನು. ಕಾಪಾಡೋಕೆ ಹೋಗಿ ನೀನೂ ಬಿದ್ದೆ."

ನಡೆದೆವು. ಹೆಜ್ಜೆ ಹಳ್ಳಕ್ಕಿಳಿದು ಮಾಯವಾಯಿತು. ನೀರಿನಲ್ಲೇ ನಡೆದಿದ್ದಾಳೆ, ಜಾಣೆ! ನಾನು ದಡ ಹಿಡಿದು ಸಾಗಿದೆ.

ಅಲ್ಲೊಂದು ಚಪ್ಪಟೆ ಬಂಡೆ.

ಬಂಡೆಯ ಮೇಲೆ ಪುಟ್ಟ ಒದ್ದೆ ಹೆಜ್ಜೆ. ಸುತ್ತ, ಬಟ್ಟೆಯಿಂದ ಸೋರಿದ ನೀರು. ಅಷ್ಟು ಬಿಸಿಲಿನಲ್ಲೂ ಇನ್ನೂ ಆರಿರಲಿಲ್ಲ!

ಅಂದರೆ ಅವಳು ಇಲ್ಲೇ ಇದ್ದಾಳೆ. ಕೂಗಿದರೆ ಕೇಳುವಷ್ಟು ಹತ್ತಿರ.

ಹಿಂದೆ ಶೂ ಸಪ್ಪಳ... ಹತ್ತಿರ... ಇನ್ನೂ ಹತ್ತಿರ...

ಎದೆ ಹಿಡಿದುಕೊಂಡು ಆ ಹೆಜ್ಜೆಯ ಮೇಲೆಯೇ ಕುಕ್ಕರಿಸಿಬಿಟ್ಟೆ.

"ಏನಾಯ್ತು?"

"ಉಸಿರು... ಉಸಿರು ಸಿಗ್ತಿಲ್ಲ..."

"ನಾಟಕ ಬೇಡ! ಏಳು!"

ಕೂತಲ್ಲೇ ತೆವಳಿ ಆ ನೀರನ್ನೆಲ್ಲ ಒರೆಸಿಕೊಂಡು ಎದ್ದೆ. ಅವನು ನನ್ನ ಪ್ಯಾಂಟಿನ ಹಿಂಭಾಗ ನೋಡಿ ಗಹಗಹಿಸಿ ನಕ್ಕ.

"ಥೂ! ಉಚ್ಚೆ ಹೊಯ್ಕೊಂಡ್ಯಾ ಮುದುಕಾ?"

ನಾನು ತಲೆ ತಗ್ಗಿಸಿದೆ. ಸ್ವಲ್ಪ ಹೊತ್ತಿನಲ್ಲಿ ಅದೂ ನಿಜವಾಗುವಂತಿತ್ತು.

"ಅಗೋ ನೋಡಿ," ಎಂದೆ, ದೂರದ ಜೊಂಡು ತೋರಿಸಿ. ಯಾವುದೋ ಹಂದಿ ನುಗ್ಗಿ ಜೊಂಡು ಬಾಗಿತ್ತು. "ಜೊಂಡು ಬಾಗಿದೆ. ಆ ಕಡೆಗೇ ಓಡಿದ್ದಾಳೆ."

"ಮುಂದೆ ನಡಿ. ನನಗೆ ನಿನ್ನ ಬೆನ್ನು ಕಾಣ್ತಾ ಇರಬೇಕು."

ಆ ಜೊಂಡಿನ ಕೆಳಗೆ ಏನಿದೆ ಎಂದು ನನಗೆ ಗೊತ್ತಿತ್ತು. ಬುಡದ ಗಂಟುಗಳ ಮೇಲಷ್ಟೇ ಕಾಲಿಟ್ಟು ನಡೆದೆ. ಒಂದು ಕಾಲು ಜಾರಿದರೂ ನನ್ನ ಕತೆ ಮುಗಿಯುತ್ತಿತ್ತು. ಅವನು ನನ್ನ ಬೆನ್ನು ನೋಡುತ್ತಿದ್ದ. ಪಾದ ನೋಡಲಿಲ್ಲ.

ಪಚಕ್!

ಗುಂಡು ಹಾರಿತು. ಕಿವಿಯ ಪಕ್ಕದ ಜೊಂಡು ಹಾರಿಹೋಯಿತು. ನಾನು ಮುದುಡಿಕೊಂಡೆ. ಎರಡನೆಯ ಗುಂಡಿಗಾಗಿ ಕಾದೆ... ಬರಲಿಲ್ಲ. ತಿರುಗಿ ನೋಡಿದರೆ ಅವನ ಸೊಂಟದವರೆಗೆ ಕೆಸರು. ಎರಡೂ ಕೈ ಖಾಲಿ. ಪಿಸ್ತೂಲು ಆಳಕ್ಕೆ ಹೋಗಿತ್ತು.

"ಹಗ್ಗ! ಹಗ್ಗ ಹಾಕಿ, ಯಜಮಾನ್ರೇ!"

ಮತ್ತೆ ಯಜಮಾನ್ರೇ ಆಗಿದ್ದೆ!

"ಒದ್ದಾಡಬೇಡ. ಒದ್ದಾಡದಿದ್ದರೆ ಮುಳುಗೋದಿಲ್ಲ," ಎಂದು ಹೇಳಿ, ಅವನನ್ನು ದೂರದಿಂದ ಬಳಸಿಕೊಂಡು ಬಂಡೆಗೆ ಮರಳಿದೆ. ಜೇಬಿನಿಂದ ನನ್ನ ಹೆಂಡತಿಯ ಸೀಟಿ ತೆಗೆದೆ. ಬದುಕಿದ್ದಾಗ ಹುಡುಕಾಟಕ್ಕೆ ಅವಳೂ ಬರುತ್ತಿದ್ದಳು. ಊದಿ, ಉಸಿರು ಬಿಗಿಹಿಡಿದೆ. ಈ ಸಲ ಯಾರೂ ಹೆಸರು ಕೂಗಲಿಲ್ಲ.

"ಮಗಳೇ, ಒಬ್ಬನೇ ಬಂದಿದ್ದೀನಿ. ಅವನು ಕೆಸರಲ್ಲಿ ಸಿಕ್ಕಿಕೊಂಡಿದ್ದಾನೆ."

ಪೊದೆ ಅಲುಗಿತು. ಒದ್ದೆ ಕೂದಲು, ಊದಿಕೊಂಡ ತುಟಿ, ಕೈಯಲ್ಲೊಂದು ಕಲ್ಲು. ದೇವರ ಹೆಸರು ಆಗ ಹೊರಟಿತು ನನ್ನ ಬಾಯಿಂದ.

ದೂರದಲ್ಲಿ ಅವನು ಅಳುತ್ತಿದ್ದ. ಈ ಸಲ ನಿಜವಾಗಿಯೂ.

"ಅವನನ್ನ ಹಾಗೇ ಬಿಟ್ಟುಬಿಡ್ತೀರಾ?" ಅವಳ ಹಲ್ಲು ಕಟಕಟ ಎನ್ನುತ್ತಿತ್ತು.

"ಛೆ, ಎಲ್ಲಾದರೂ ಉಂಟೇ? ಕಾಡಲ್ಲಿ ಸಿಕ್ಕಿಕೊಂಡವರನ್ನ ಹೊರಗೆ ತರೋದೇ ನನ್ನ ಕೆಲಸ, ಮಗಳೇ." ನನ್ನ ಕೋಟು ಬಿಚ್ಚಿ ಅವಳಿಗೆ ಹೊದಿಸಿದೆ. "ಮೊದಲು ನಿನ್ನನ್ನ. ಅವನಿಗೆ ಪೊಲೀಸರೇ ಹಗ್ಗ ತರ್ತಾರೆ."