ಇನ್ನೂ ಸ್ವಲ್ಪ ವಾಸನೆ ಇದೆ

“ಇದೇನ್ರೀ, ತರಕಾರಿ ಹೆಚ್ಚೋ ಮಣೆನಾ?”

ಕಾರುಗಳಿಗೆ ಬಣ್ಣ ಹೊಡೆಯುವ ಅಣ್ಣನ ಅಂಗಡಿಯಲ್ಲಿ ಬಣ್ಣ ಬೆರೆಸುವುದು ಅವಳ ಕೆಲಸ. ಅವಳ ಪ್ರಶ್ನೆಗೆ, ಬಾಗಿಲಲ್ಲಿ ಹಲಗೆ ತಬ್ಬಿ ನಿಂತಿದ್ದ ಲಿಫ್ಟ್ ಮೆಕ್ಯಾನಿಕ್‌ನ ಮುಖ ಸಪ್ಪಗಾಯಿತು.

“ಗಿಟಾರ್. ಎಲೆಕ್ಟ್ರಿಕ್ ಗಿಟಾರ್. ನಾನೇ ಮಾಡಿದ್ದು.”

“ಅಯ್ಯೋ, ಸಾರಿ! ತಂತಿ ಇಲ್ಲ, ಕತ್ತಿಲ್ಲ, ಹೇಗೆ ಗೊತ್ತಾಗ್ಬೇಕು?”

“ಕತ್ತು ಮನೇಲಿದೆ.”

ಅವನು ಅದನ್ನು ಹೇಳಿದ ಗಾಂಭೀರ್ಯಕ್ಕೆ ಅವಳಿಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ನಗುವಾಗ ಅವನ ಒಂದೇ ಹುಬ್ಬು ಮೇಲೇರುತ್ತಿತ್ತು. ಗಿರಾಕಿಯ ಹುಬ್ಬು ಕಟ್ಟಿಕೊಂಡು ಅವಳಿಗೇನಾಗಬೇಕಿತ್ತು? ಆದರೂ ನೋಡಿದಳು.

ಹಲಗೆಯ ಮೇಲೊಂದು ದುಂಡನೆಯ ಕಲೆಯಿತ್ತು, ಬಿಸಿ ಲೋಟ ಇಟ್ಟದ್ದು.

“ಇದನ್ನ ಉಜ್ಜಿ ತೆಗೀಲಾ?”

“ಬೇಡ, ಇರ್ಲಿ. ಊಟದ ಮೇಜಿನ ಹಲಗೆ ಅದು. ಅಮ್ಮ ಲೋಟ ಇಡ್ತಿದ್ದ ಜಾಗ. ಅವರು ಹೋದ್ಮೇಲೆ ಅಷ್ಟು ದೊಡ್ಡ ಮೇಜಿಗೆ ನಾನೊಬ್ಬನೇ. ಎದುರಿನ ಖಾಲಿ ಕುರ್ಚಿ ನೋಡ್ತಾ ತುತ್ತು ಇಳೀತಿರ್ಲಿಲ್ಲ. ಮೇಜನ್ನೇ ಕೊಯ್ದುಬಿಟ್ಟೆ.”

“ಈಗ ಎಲ್ಲಿ ಊಟ ಮಾಡ್ತೀರಿ?”

“ಕಿಟಕಿ ಹತ್ರ ನಿಂತ್ಕೊಂಡು.”

ಅವಳ ಮನೆಯಲ್ಲೇನೋ ಜನ ತುಂಬಿದ್ದರು. ಅಣ್ಣ, ಅತ್ತಿಗೆ, ಅವರ ಮಕ್ಕಳು. ಎಲ್ಲರಿಗೂ ಅವರವರ ಮಾತೇ ಹಾಸಿ ಹೊದೆಯುವಷ್ಟಿತ್ತು. ಅವಳನ್ನು ಕೇಳುವ ಪ್ರಶ್ನೆ ಮಾತ್ರ ಒಂದೇ: “ಬಣ್ಣ ಒಣಗಿತಾ?”

ಮರದ ಗೆರೆಗಳು ಕಾಣುವಂಥ ತೆಳು ನೀಲಿ ಬೆರೆಸಿದಳು. ಅಂಚಿನಲ್ಲಿ ಕಡು, ನಡುವೆ ತಿಳಿ. ಲೋಟದ ಕಲೆಯನ್ನು ಮರೆಮಾಡದೆ ಅದರ ಮೇಲೆ ಮೆರುಗೆಣ್ಣೆ ಹೊಡೆದಳು. ಒಣಗಿದ ಮೇಲೆ ನೀರಲ್ಲಿ ನೆನೆಸಿದ ಮರಳುಕಾಗದದಿಂದ ಮೆಲ್ಲಗೆ ಉಜ್ಜಿ ಇನ್ನೊಂದು ಪದರ, ಮತ್ತೆ ಉಜ್ಜಿ ಮತ್ತೊಂದು. ಕಾರಿನ ಬಾಗಿಲಿಗೆ ಎಂದೂ ತೋರದ ಮುತುವರ್ಜಿ ಅದು.

ರಜೆಯ ದಿನ ಬಂತೆಂದರೆ ಅವನು ಹಾಜರು. ಕೊಕ್ಕೆಗೆ ನೇತುಹಾಕಿದ ಗಿಟಾರಿನತ್ತ ಕೈ ಚಾಚಿದರೆ ಗದರುತ್ತಿದ್ದಳು.

“ಮುಟ್ಬೇಡಿ! ಮೇಲೆ ಒಣಗಿದ ಹಾಗೆ ಕಾಣ್ಸುತ್ತೆ, ಒಳಗೆ ಹಸಿ. ವಾಸನೆ ಪೂರ್ತಿ ಹೋಗೋವರೆಗೂ ತಂತಿ ಕಟ್ಟೋ ಹಾಗಿಲ್ಲ.”

ಅವನು ವಿಧೇಯನಾಗಿ ಮೂಗು ಮಾತ್ರ ಹತ್ತಿರ ತರುತ್ತಿದ್ದ. ಈ ಕಡೆಯಿಂದ ಅವಳೂ. ನಡುವೆ ಗಿಟಾರಿನಷ್ಟೇ ದಪ್ಪದ ದೂರ. ಅವಳು ಕಣ್ಣೆತ್ತಿದರೆ ಅವನು ಕಣ್ಣಿಳಿಸುವನು, ಅವನೆತ್ತಿದರೆ ಅವಳಿಳಿಸುವಳು. ಆಮೇಲೆ ಬಣ್ಣದ ಡ್ರಮ್ಮುಗಳ ಮೇಲೆ ಕೂತು ಲಿಫ್ಟುಗಳ ತಂಟೆ, ಕಾರುಗಳ ತಂಟೆ ಮಾತಾಡುವರು.

ಒಂದು ಬೆಳಿಗ್ಗೆ ಮೂಸಿದರೆ ವಾಸನೆಯೇ ಇಲ್ಲ. ಕೆಲಸ ಮುಗಿದರೆ ಗಿಟಾರ್ ಹೋಗುತ್ತದೆ, ಗಿಟಾರ್ ಹೋದರೆ ಅವನೂ ಹೋಗುತ್ತಾನೆ. ಅವನು ಬಂದಾಗ ಬೇರೆಡೆ ನೋಡುತ್ತ, “ಇನ್ನೂ ಸ್ವಲ್ಪ ಇದೆ ಅನ್ಸುತ್ತೆ” ಎಂದಳು.

ಅವನು ಬಹಳ ಹೊತ್ತು ಮೂಸಿದ. “ಹೂಂ, ಇದೆ. ಇನ್ನೊಂದು ವಾರ ಬಿಡೋಣ.”

ಪಾಪ, ಲಿಫ್ಟಿನ ಗ್ರೀಸಿನಲ್ಲೇ ಇದ್ದು ಮೂಗು ಸತ್ತಿರಬೇಕು ಎಂದುಕೊಂಡಳು. ಹಾಗೇ ವಾರಗಳು ಉರುಳಿದವು. ಅವನು ಹೋದ ಮೇಲೆ ಖಾಲಿ ಡ್ರಮ್ಮನ್ನು ನೋಡುವುದು ಮಾತ್ರ ಪ್ರತಿಸಲವೂ ಹೆಚ್ಚು ಕಷ್ಟವಾಗುತ್ತಿತ್ತು.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಅತ್ತಿಗೆಗೆ ಕಾಣದೇ ಇರುತ್ತದೆಯೇ? ಒಂದು ದಿನ ಅವನ ಎದುರಿಗೇ ಬಂದು ಗಿಟಾರಿಗೆ ಮೂಗಿಟ್ಟರು.

“ಎಲ್ಲಿದೆಯೇ ವಾಸನೆ? ಒಣಗಿ ಯಾವ ಕಾಲವಾಯ್ತೋ! ಸುಮ್ನೆ ಜಾಗ ಹಿಡ್ಕೊಂಡು ನೇತಾಡ್ತಿದೆ. ಕೊಟ್ಟು ಕಳ್ಸು.”

ಅತ್ತಿಗೆ ಒಳಗೆ ಹೋದರು. ಅವನು ಗಿಟಾರನ್ನು ಕೊಕ್ಕೆಯಿಂದ ಇಳಿಸಿ ಕಂಬಳಿಯಲ್ಲಿ ಸುತ್ತತೊಡಗಿದ. ಬರಿದಾದ ಕೊಕ್ಕೆ ತೂಗುವುದನ್ನು ನೋಡಿ ಅವಳು ತಡೆಯದಾದಳು.

“ನಾನು ಸುಳ್ಳು ಹೇಳ್ದೆ. ಒಣಗಿದ್ದು ಗೊತ್ತಿತ್ತು. ನೀವು ಬರೋದು ನಿಂತೋಗುತ್ತಲ್ಲಾಂತ…”

“ನಂಗೂ ಗೊತ್ತಿತ್ತು.”

“ಯಾವಾಗಿಂದ?”

“ನೀವು ಮೊದಲ್ನೇ ಸಲ ಸುಳ್ಳು ಹೇಳಿದಾಗಿಂದ.”

“ಮತ್ತೆ ಇದೆ ಅಂದ್ರಲ್ರೀ!”

“ಇಲ್ಲ ಅಂದಿದ್ರೆ ಇದನ್ನ ತಗೊಂಡು ಮನೆಗೆ ಹೋಗ್ಬೇಕಿತ್ತು. ಅಲ್ಲಿ ನೀವಿರಲ್ಲ.” ಅವನು ಕಂಬಳಿಯ ಅಂಚನ್ನು ಒಳಗೆ ಸಿಕ್ಕಿಸಿದ. “ಇವತ್ತು ತಂತಿ ಕಟ್ತೀನಿ. ಮನೆಗೆ ಬನ್ನಿ, ಮೊದಲು ನೀವೇ ಕೇಳ್ಬೇಕು. ಊಟಕ್ಕೂ ಇರಿ. ಆದ್ರೆ… ಮೇಜಿಲ್ಲ.”

“ಕಿಟಕಿ ಇದೆಯಲ್ಲ. ಇಬ್ಬರು ನಿಲ್ಲೋಷ್ಟು ಅಗಲ ಇದೆಯಾ?”

“ಒತ್ಕೊಂಡು ನಿಂತ್ರೆ ಇದೆ.” ಆ ಒಂದು ಹುಬ್ಬು ಮೇಲೇರಿತು.

ಒಳಗಿಂದ ಅಣ್ಣ ಎಂದಿನಂತೆ ಕೂಗಿದ: “ಬಣ್ಣ ಒಣಗಿತೇನೇ?”

“ಒಣಗಿತು ಅಣ್ಣ!” ಅವಳು ಬಣ್ಣ ಹೊಡೆಯುವಾಗ ಹಾಕಿ ಕುತ್ತಿಗೆಗೆ ಇಳಿಬಿಟ್ಟಿದ್ದ ಮಾಸ್ಕ್ ಕಳಚಿ ಬರಿದಾದ ಕೊಕ್ಕೆಗೆ ತಗಲಿಸಿದಳು. “ನಾನೇ ಹೋಗಿ ತಲುಪಿಸಿ ಬರ್ತೀನಿ. ತಡ ಆಗುತ್ತೆ, ಊಟಕ್ಕೆ ಕಾಯ್ಬೇಡಿ.”