ಎರಡು ಬಗೆಯ ‘ಬರ್ತೀನಿ’

ನೀಲಾಂಬಿಕೆ ಮಗಳ ಎಡಗಡೆಯ ಜಡೆ ಹೆಣೆದು ಮುಗಿಸಿ, ಬಲಗಡೆಯ ಕೂದಲನ್ನು ಮೂರು ಎಳೆ ಮಾಡುತ್ತಿದ್ದಾಗ ಗೋಡೆಯ ಮೇಲಿದ್ದ ಬೇಸರಮಾಪಕ ಗಂಟಲು ಸರಿಪಡಿಸಿಕೊಂಡಿತು. ಆ ಸದ್ದಿನ ಅರ್ಥ ಈಗ ಇಬ್ಬರಿಗೂ ಗೊತ್ತಿತ್ತು.

“ನಿಮ್ಮ ಜಾಲತಾಣ ಹಳತಾಗಿದೆ. ಗ್ರಾಹಕರು ನಿರಾಶರಾಗುತ್ತಿದ್ದಾರೆ. ಮರುವಿನ್ಯಾಸ ಆರಂಭವಾಗಿದೆ” ಎಂದಿತು ಯಂತ್ರ, ರೋಗಿಗೆ ಸಮಾಧಾನ ಹೇಳುವ ದನಿಯಲ್ಲಿ.

ನೀಲಾ ಕೂದಲು ಬಿಟ್ಟು ಎದ್ದಳು. ಪರದೆಯಲ್ಲಿ ಅಂಟಿನುಂಡೆಯ ಚಿತ್ರವಿದ್ದ ಜಾಗದಲ್ಲಿ ಒಂದು ನೀಲಿ ಮೋಡ ತೇಲುತ್ತಿತ್ತು. ಕೂಸಿನ ಕುಂಚಿಗೆ, ಬಜೆ, ಬಾಣಂತಿ ಖಾರ ಎಲ್ಲಿ ಹೋದವೋ ತಿಳಿಯಲಿಲ್ಲ. ಮೋಡವನ್ನು ಮುಟ್ಟಿದರೆ ಇನ್ನೊಂದು ಮೋಡ ಬಂತು. ಏಳು ವರ್ಷದ ಚಿನ್ಮಯಿ ಒಂದು ಜಡೆ ಹೆಣೆಸಿಕೊಂಡು, ಇನ್ನೊಂದು ಕಡೆ ಕೂದಲು ಹರಡಿಕೊಂಡು ಸುಮ್ಮನೆ ಕೂತಿದ್ದಳು. ಆ ತಿಂಗಳಲ್ಲಿ ಅವಳು ಹಾಗೇ ಶಾಲೆಗೆ ಹೋದದ್ದೂ ಉಂಟು.

ಆ ಕಾಲಕ್ಕೆ ಅಂಗಡಿಗಳ ಜಾಲತಾಣಗಳು ಬರಿದೇ ನೋಡುವ ಪುಟಗಳಾಗಿ ಉಳಿದಿರಲಿಲ್ಲ. ಗ್ರಾಹಕರು ಅವುಗಳೊಡನೆ ಮಾತಾಡುತ್ತಿದ್ದರು, ಚೌಕಾಸಿ ಮಾಡುತ್ತಿದ್ದರು, ಮನೆಯ ಸುದ್ದಿಯನ್ನೂ ಹೇಳುತ್ತಿದ್ದರು. ಹಿಂದೆಲ್ಲ ಜಾಲತಾಣವನ್ನು ಯಾವಾಗ ಹೊಸದು ಮಾಡಬೇಕೆಂಬುದು ಮಾಲೀಕರ ಊಹೆಗೆ ಬಿಟ್ಟ ವಿಷಯವಾಗಿತ್ತು. ಕೆಲವರು ನೆಂಟರು ಮೂಗು ಮುರಿದರೆಂದು ಬದಲಿಸುತ್ತಿದ್ದರು, ಕೆಲವರು ವ್ಯಾಪಾರ ಪೂರ್ತಿ ನಿಂತ ಮೇಲೆ. ಈ ಊಹೆಯ ಕಾಟ ತಪ್ಪಿಸಲೆಂದೇ ಡಾ. ಪಂಚಾಕ್ಷರಿ ಬೇಸರಮಾಪಕವನ್ನು ಕಂಡುಹಿಡಿದರು. ಗ್ರಾಹಕರ ನಿಟ್ಟುಸಿರು, ತಡವರಿಕೆ ಎಲ್ಲವನ್ನೂ ಅದು ಅಳೆಯುತ್ತಿತ್ತು. ಹೆಚ್ಚಿನ ತೂಕ ಮಾತ್ರ ಮುರಿದ ಮಾತಿಗೆ. ಮರಳಿ ಬರುತ್ತೇನೆಂದು ಹೇಳಿ ಬಾರದೆ ಹೋದ ಗ್ರಾಹಕನೇ ಹಳತಾದ ಜಾಲತಾಣದ ಖಚಿತ ಲಕ್ಷಣ ಎಂಬುದು ಅವರ ಸಿದ್ಧಾಂತ. ಬೇಸರ ಮಿತಿ ಮೀರಿದರೆ ಯಂತ್ರ ತಾನೇ ಪುಟವನ್ನು ಕೆಡವಿ ಹೊಸದಾಗಿ ಕಟ್ಟುತ್ತಿತ್ತು. ಜಾಲತಾಣ ಇಟ್ಟವರೆಲ್ಲ ಇದನ್ನೂ ಇಟ್ಟುಕೊಳ್ಳಬೇಕಿತ್ತು. ಅದನ್ನು ನಿಲ್ಲಿಸಲು ಗುಂಡಿ ಇರಲಿಲ್ಲ.

ದಾವಣಗೆರೆಯ ಆ ಎರಡು ಕೋಣೆಯ ಮನೆ ನಡೆಯುತ್ತಿದ್ದುದು ಬಾಣಂತಿ ಸಾಮಾನು ಮಾರುವ ಈ ಜಾಲತಾಣವೊಂದರಿಂದಲೇ. ಅದನ್ನು ಮೊದಲು ಕಟ್ಟಿಕೊಟ್ಟವನು ನೀಲಾಳ ಗಂಡ ಮಹಾಂತೇಶ. ಮಗಳು ಇನ್ನೂ ಒಂದನೇ ತರಗತಿಗೆ ಸೇರುವ ಮೊದಲೇ, ಒಂದು ಬೆಳಿಗ್ಗೆ ಅವನು ಚೀಲ ಹೆಗಲಿಗೇರಿಸಿ ಹೊರಟುಹೋದ. ಮೊದಮೊದಲು ಫೋನು ಬರುತ್ತಿತ್ತು, ಆಮೇಲೆ ನಿಂತಿತು. ಅಪ್ಪ ಎಲ್ಲಿ ಎಂದು ಚಿನ್ಮಯಿ ಕೇಳಲಿಲ್ಲ. ಅವಳು ಕೇಳಲಿಲ್ಲವಲ್ಲ ಎಂದು ನೀಲಾ ಹೇಳಲೂ ಇಲ್ಲ.

ಪುಟ ಬದಲಾದಾಗಲೆಲ್ಲ ಹಳೆಯ ಗ್ರಾಹಕರು ದಾರಿ ತಪ್ಪುತ್ತಿದ್ದರು. ಮೊಮ್ಮಗಳ ಹೆರಿಗೆಗೆಂದು ಅಂಟಿನುಂಡೆ ಬೇಕಿದ್ದ ಹರಪನಹಳ್ಳಿಯ ಗೌರಮ್ಮಜ್ಜಿ ಫೋನು ಮಾಡಿ, “ಅಂಗಡಿ ಬಾಗಲಾ ದಿನಾ ಒಂದೊಂದು ಕಡೆ ಇಟ್ರ ನಾವು ಎಲ್ಲಿಂದ ಒಳಗ ಬರಬೇಕವ್ವ?” ಎಂದು ಕೇಳಿದಳು. ಹೀಗೇ ನಡೆದರೆ ದೀಪಾವಳಿಯ ಹೊತ್ತಿಗೆ ಒಲೆ ಹಚ್ಚುವುದೇ ಕಷ್ಟವೆಂದು ನೀಲಾಳಿಗೆ ಗೊತ್ತಿತ್ತು. ದೂರು ಕೊಟ್ಟಳು. ದೂರು ಕೇಳುವ ಯಂತ್ರ ಅವಳ ದನಿಯಲ್ಲಿ ಬೇಸರವಿದೆ ಎಂದು ಕಂಡುಕೊಂಡು ಪುಟವನ್ನು ಮತ್ತೊಮ್ಮೆ ಕೆಡವಿತು.

ಕೊನೆಗೆ ಡಾ. ಪಂಚಾಕ್ಷರಿಯವರೇ ಮನೆಗೆ ಬಂದರು. ಅವರ ಅಕ್ಕನೂ ನೀಲಾಳ ಗ್ರಾಹಕಿ. ಮೋಡಗಳ ನಡುವೆ ಬಾಣಂತಿ ಖಾರ ಹುಡುಕಿ ಸೋತ ಆಕೆ ತಮ್ಮನನ್ನು ಚೆನ್ನಾಗಿ ಬೈದು ಕಳಿಸಿದ್ದಳು. ಅವರು ಯಂತ್ರದ ಒಳಗಿನ ಲೆಕ್ಕವನ್ನೆಲ್ಲ ನೋಡಿ, ಅದು ತಪ್ಪು ಮಾಡಿಲ್ಲವೆಂದರು. ಬಂದವರಲ್ಲಿ ಬಹುಪಾಲು ಜನ ಮಾತು ಕೊಟ್ಟು ತಪ್ಪಿದ್ದಾರೆಂದು ತೋರಿಸಿದರು.

“ಇದು ಬಾಣಂತಿ ಸಾಮಾನು ಸರ್. ಒಂದ್ಸಲ ತಗೊಂಡೋರು ಮುಂದಿನ ಹೆರಿಗೆಗೇ ಬರೋದು” ಎಂದಳು ನೀಲಾ.

“ಹಾಗಿದ್ರೆ ಬರ್ತೀವಿ ಅಂತ ಯಾಕೆ ಹೇಳ್ತಾರೆ?”

ಅವಳಿಗೆ ಅಳು ಬರುವಷ್ಟು ರೇಗಿತು. ಎದ್ದು ಹೋಗಿ ಚಹಾ ತಂದು ಕೊಟ್ಟಳು. ಅವರು ಕುಡಿದರು, ಲೋಟ ಕೆಳಗಿಟ್ಟರು, ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತ, “ನೋಡೋಣ. ಬರ್ತೀನಮ್ಮ” ಎಂದರು.

“ಸಂದರ್ಶಕರು ಮರಳಿ ಬರುವ ಮಾತು ಕೊಟ್ಟಿದ್ದಾರೆ. ಕಾಯುತ್ತಿದ್ದೇನೆ” ಎಂದಿತು ಬೇಸರಮಾಪಕ.

ಪಂಚಾಕ್ಷರಿ ಒಂದು ಕಾಲಿನ ಚಪ್ಪಲಿಯಲ್ಲೇ ನಿಂತುಬಿಟ್ಟರು. “ನಾನೆಲ್ಲಿ ಮಾತು ಕೊಟ್ಟೆ? ಹೊರಟೆ ಅಂದೆ, ಅಷ್ಟೇ” ಎಂದವರು, ತಾವು ನಿಜವಾಗಿ ಆಡಿದ ಮಾತು ಯಾವುದೆಂದು ನೆನೆದು ಹಣೆ ಚಚ್ಚಿಕೊಂಡರು. “ಅಯ್ಯೋ ಶಿವನೆ. ಇಡೀ ಊರಿನೋರು ಎದ್ದು ಹೋಗೋವಾಗ ಹೇಳೋ ಮಾತನ್ನ ಇದು ಆಣೆ ಅಂತ ಬರ್ಕೊಂಡಿದೆ.”

“ಹೋಗ್ತೀನಿ ಅಂತ ಯಾರ ಮನೇಲಿ ಅಂತಾರೆ ಸರ್?” ಎಂದ ನೀಲಾ ಬಹಳ ದಿನದ ಮೇಲೆ ನಕ್ಕಳು.

ಅವರು ಮತ್ತೆ ಒಳಗೆ ಬಂದು ಕೂತರು. ಯಂತ್ರಕ್ಕೆ ಪದದ ಅರ್ಥ ಕಲಿಸಿದ್ದೆವು, ದನಿಯ ಅರ್ಥ ಕಲಿಸಲಿಲ್ಲ ಎಂದು ಒಪ್ಪಿಕೊಂಡರು. “ನಮ್ಮಲ್ಲಿ ಎರಡು ಬರ್ತೀನಿ ಇವೆ. ಹೊರಡೋ ಬರ್ತೀನಿ ಕೊನೇಲಿ ಜಾರುತ್ತೆ, ಹೇಳೋರ ಮುಖ ಆಗಲೇ ಬಾಗಿಲ ಕಡೆ ತಿರುಗಿರುತ್ತೆ. ನಿಜವಾಗ್ಲೂ ಬರೋರ ಬರ್ತೀನಿ ಗಟ್ಟಿಯಾಗಿ ನಿಲ್ಲುತ್ತೆ. ಸಾಕಷ್ಟು ಕೇಳಿಸಿದ್ರೆ ಯಂತ್ರಕ್ಕೂ ಗೊತ್ತಾಗುತ್ತೆ, ಯಾವುದು ಯಾವುದು ಅಂತ.”

ಅಂಟಿನುಂಡೆಯ ತಟ್ಟೆಯಿಂದ ಒಣದ್ರಾಕ್ಷಿ ಆರಿಸಿ ತಿನ್ನುತ್ತಿದ್ದ ಚಿನ್ಮಯಿ ಅಗಿಯುವುದನ್ನು ನಿಲ್ಲಿಸಿದಳು. ದೊಡ್ಡವರಿಬ್ಬರೂ ಅದನ್ನು ಗಮನಿಸಲಿಲ್ಲ.

ಪಂಚಾಕ್ಷರಿ ಹೇಳಿದಂತೆಯೇ ಆಯಿತು. ವಾರದೊಳಗೆ ಯಂತ್ರ ಎರಡನ್ನೂ ಬೇರ್ಪಡಿಸಲು ಕಲಿತು, ಮಹಾಂತೇಶ ಕಟ್ಟಿದ್ದ ಹಳೆಯ ಪುಟವನ್ನು ಮರಳಿ ತಂದಿಟ್ಟಿತು. ಗೌರಮ್ಮಜ್ಜಿ ಒಳಗೆ ಬಂದು, “ಈಗ ಅಂಗಡಿ ಅಂಗಡಿ ಇದ್ದಂಗೈತಿ” ಎಂದು ಎರಡು ಡಬ್ಬಿ ಉಂಡೆ ತರಿಸಿಕೊಂಡಳು. ಮಗಳಿಗೆ ಎರಡು ಜಡೆ ಹಾಕಿ ಕಳಿಸುವಷ್ಟು ಬಿಡುವು ನೀಲಾಳಿಗೆ ಸಿಕ್ಕಿತು.

ಹಾಗೆ ಬಲಗಡೆಯ ಜಡೆ ಹೆಣೆಯುತ್ತಿದ್ದ ಒಂದು ಬೆಳಿಗ್ಗೆ ಬೇಸರಮಾಪಕ ಮತ್ತೆ ಗಂಟಲು ಸರಿಪಡಿಸಿಕೊಂಡಿತು. ನೀಲಾ ತಟ್ಟನೆ ಪರದೆಯತ್ತ ನೋಡಿದಳು.

“ಒಂದು ಸಂದೇಹ” ಎಂದಿತು ಯಂತ್ರ. “ಈ ಮನೆಯ ಒಳಗಿನವರೊಬ್ಬರು ದಿನವೂ ನನ್ನ ಹತ್ತಿರ ಬಂದು ‘ಬರ್ತೀನಿ’ ಎನ್ನುತ್ತಿದ್ದಾರೆ. ಎರಡರಲ್ಲಿ ಅದು ಯಾವುದೆಂದು ತಿಳಿಯುತ್ತಿಲ್ಲ. ಮಾಲೀಕರು ಹೇಳಬೇಕು.”

“ನೀನಾ ಪುಟ್ಟಿ?” ಎಂದಳು ನೀಲಾ. ಅಡುಗೆಮನೆಯಲ್ಲಿದ್ದಾಗ ಹೊರಗೆ ಏನೋ ಪಿಸುಗುಟ್ಟಿದ್ದು ಕೇಳಿ, ಮಗು ಆಡುತ್ತಿದೆ ಎಂದುಕೊಂಡಿದ್ದಳು.

ಚಿನ್ಮಯಿ ತಿರುಗಲಿಲ್ಲ. ಹೌದೆಂದು ತಲೆಯಾಡಿಸಿದಾಗ ಅರ್ಧ ಹೆಣೆದ ಜಡೆ ಅಮ್ಮನ ಕೈಯಿಂದ ಜಾರಿತು. ಮಗು ಭುಜವನ್ನು ಸ್ವಲ್ಪ ಎತ್ತಿತು, ಅಲ್ಲಿ ಚೀಲದ ಪಟ್ಟಿ ಇದೆಯೆಂಬಂತೆ ಅದನ್ನು ಮೇಲಕ್ಕೆಳೆದುಕೊಂಡಿತು, ದನಿಯನ್ನು ದಪ್ಪ ಮಾಡಿಕೊಂಡಿತು.

“ಬರ್ತೀನಿ ಚಿನ್ನಿ.”

ನಡುವೆ ಒಂದು ಉಸಿರು, ಕೊನೆಯಲ್ಲಿ ಜಾರಿತೋ ನಿಂತಿತೋ ತಿಳಿಯದ ಒಂದು ಸ್ವರ. ನೀಲಾಳ ಕೈ ಮಗಳ ತಲೆಯ ಮೇಲೇ ಉಳಿಯಿತು. ಅವನು ಹೊರಟ ಆ ಬೆಳಿಗ್ಗೆ ಅವಳೂ ಇದೇ ಮನೆಯ ಬಾಗಿಲಲ್ಲಿ ನಿಂತಿದ್ದಳು.

“ಅಪ್ಪ ಹಿಂಗೇ ಅಂದಿದ್ದು” ಎಂದಳು ಚಿನ್ಮಯಿ ಗೋಡೆಯನ್ನೇ ನೋಡುತ್ತ. “ಅಮ್ಮ, ಇದು ಯಾವ ಬರ್ತೀನಿ?”