ಮೂರು ದಿನದ ಬ್ರೆಜಿಲ್ ಮೇಡಂ

“ವೆಲ್‌ಕಮ್, ಮೇಡಂ...”

ಕಾರಿನ ಬಾಗಿಲು ತೆರೆದವನ ಮಾತು ಅಲ್ಲಿಗೇ ನಿಂತಿತು. ಹಾರ ಹಿಡಿದ ಕೈಯೂ ಅರ್ಧಕ್ಕೇ ನಿಂತಿತು.

ಕಾರು ಹತ್ತಲು ಬಂದ ಶೈಲಶ್ರೀ ಅವನ ಮುಖ ನೋಡಿದಳು. ಇವನು! ಮೂರು ತಿಂಗಳ ಹಿಂದೆ ಕಂಪ್ಲಿಗೆ ತನ್ನನ್ನು ನೋಡಲು ಬಂದು, ತಟ್ಟೆಯಲ್ಲಿಟ್ಟ ಸಿಹಿ ಮಾದಲಿಯನ್ನು ಬೆರಳಿನಿಂದಲೂ ಮುಟ್ಟದೆ ಎದ್ದುಹೋದ ರೇವಣಸಿದ್ದ!

“ಹಾರ ಹಾಕ್ರಿ ಸಾಹೇಬ್ರ, ಹಿಂದ ಜರ್ಮನಿ ಕಾಯಾಕತ್ತೈತಿ!” ಡ್ರೈವರ್ ಅಂಜಿನೇಯ ಕೂಗಿದ.

ಜರ್ಮನಿ ಎಂದರೆ ಹಿಂದಿನ ಕಾರಿನಲ್ಲಿ ಕೂರಬೇಕಿದ್ದ ಗಣಿತದ ಮೇಷ್ಟ್ರು. ಜಗತ್ತಿನ ನಾಯಕರ ಆರ್ಥಿಕ ಶೃಂಗಸಭೆ ಶನಿವಾರ ಹಂಪಿಯಲ್ಲಿ ಶುರುವಾಗಲಿತ್ತು. ತೋರಣಗಲ್ಲಿನ ವಿಮಾನ ನಿಲ್ದಾಣದಿಂದ ಹಂಪಿಗೆ ಕಾರುಗಳು ಎಷ್ಟು ಹೊತ್ತಿಗೆ ಮುಟ್ಟುತ್ತವೆ, ಯಾರನ್ನು ಹೇಗೆ ಬರಮಾಡಿಕೊಳ್ಳಬೇಕು ಎಂದು ಮೂರು ದಿನ ತಾಲೀಮು. ನಿಜವಾದ ಅತಿಥಿಗಳು ಇನ್ನೂ ಬಂದಿಲ್ಲವಲ್ಲ! ಅದಕ್ಕೇ ಹೊಸಪೇಟೆಯ ಕಾಲೇಜುಗಳಿಂದ ಮೇಷ್ಟ್ರುಗಳನ್ನು ಕರೆಸಿ, ಒಬ್ಬೊಬ್ಬರ ಕೊರಳಿಗೆ ಒಂದೊಂದು ದೇಶ ತೂಗುಹಾಕಿದ್ದರು. ಇಂಗ್ಲಿಷ್ ಕಲಿಸುವ ಶೈಲಶ್ರೀಗೆ ಬ್ರೆಜಿಲ್ ಸಿಕ್ಕಿತ್ತು. ಬ್ರೆಜಿಲ್ಲಿನವರ ಯೋಗಕ್ಷೇಮಕ್ಕೆ ನೇಮಕವಾದವನು ಸಂಡೂರಿನ ಕಡೆಯ ಪಂಚಾಯಿತಿ ಅಧಿಕಾರಿ ರೇವಣಸಿದ್ದ.

ಋಣಾನುಬಂಧವನ್ನು ದೇವರು ಕೂಡಿಸುತ್ತಾನೆ ಎನ್ನುತ್ತಾರೆ. ಈ ಸಲ ಆ ಕೆಲಸವನ್ನು ಜಿಲ್ಲಾಡಳಿತ ಮಾಡಿತ್ತು.

ಹಾರ ಕೊರಳಿಗೆ ಬಿತ್ತು. ರೇವಣಸಿದ್ದ ಮುಂದಿನ ಸೀಟಿನಲ್ಲಿ ಕುಳಿತ. ಹಂಪಿ ಮುಟ್ಟುವವರೆಗೂ ಅವಳು ಹಿಂದಿನ ಸೀಟಿನಲ್ಲಿ ಕಿಟಕಿಯ ಕಡೆಗೇ ಮುಖ ಮಾಡಿ ಕೂತಳು.

ಕಂಪ್ಲಿಯ ಶೈಲಶ್ರೀಯ ಮನೆಯಲ್ಲಿ ಹೆಣ್ಣು ನೋಡಲು ಬಂದವರು ಸಿಹಿ ಬಿಟ್ಟು ಎದ್ದರೆಂದರೆ ಸಂಬಂಧ ಬೇಡ ಎಂದೇ ಅರ್ಥ. ಅವತ್ತು ಬೆಳಗ್ಗೆ ಎದ್ದು ಗೋಧಿ ಹುರಿದು ಮಾದಲಿ ಮಾಡಿದವಳು ಅವಳೇ. ಅವನು ಮಾತಾಡಿದ ರೀತಿ, ನಕ್ಕ ರೀತಿ ಮನಸ್ಸಿಗೆ ಹಿಡಿಸಿತ್ತು... ಅದಕ್ಕೇ ನೋವೂ ಜಾಸ್ತಿ.

ಎರಡನೇ ದಿನವೂ ಹಾಗೇ ಹೋಯಿತು. ಅವನು ಬಾಗಿಲು ತೆರೆಯುತ್ತಿದ್ದ, ಕೈ ಮುಗಿಯುತ್ತಿದ್ದ, ಮೇಡಂ ಮೇಡಂ ಎನ್ನುತ್ತಿದ್ದ.

‘ಬ್ರೆಜಿಲ್‌ಗೆ ಇಷ್ಟು ಮರ್ಯಾದೆ! ಶೈಲಶ್ರೀಯ ಕೈಯಡುಗೆಯ ಒಂದು ತುತ್ತು ಮಾತ್ರ ಬೇಡವಾಯಿತು...’

ಕಿಟಕಿಯಾಚೆ ಊರಿಗೆ ಊರೇ ಸಿಂಗಾರಗೊಳ್ಳುತ್ತಿತ್ತು. ಗುಂಡಿಗಳು ಮುಚ್ಚಿದ್ದವು, ಗೋಡೆಗಳಿಗೆ ಬಣ್ಣ ಬಂದಿತ್ತು. ಮಿರ್ಚಿ ಬಂಡಿಗಳನ್ನು ಎಲ್ಲಿಗೋ ಸರಿಸಿದ್ದರು. ನೋಡುತ್ತ ನೋಡುತ್ತ ಅವಳಿಗೆ ಅನ್ನಿಸಿತು: ನಾನೂ ಅವತ್ತು ಹೀಗೇ ರೇಷ್ಮೆಸೀರೆ ಉಟ್ಟು, ತಲೆ ತಗ್ಗಿಸಿ ಕೂತಿದ್ದೆನಲ್ಲ! ನೋಡುವವರು ಬರುತ್ತಾರೆ ಅಂದರೆ ಊರಿಗೂ ಹೆಣ್ಣಿಗೂ ಒಂದೇ ಗಡಿಬಿಡಿ. ನಿನ್ನ ಮನಸ್ಸಲ್ಲೇನಿದೆ ಅಂತ ಇಬ್ಬರನ್ನೂ ಯಾರೂ ಕೇಳುವುದಿಲ್ಲ.

ಮೂರನೇ ದಿನ ಕಮಲಾಪುರದ ಹತ್ತಿರ ಕಾರುಗಳ ಸಾಲು ಗಕ್ಕನೆ ನಿಂತಿತು. ಕುರಿಹಿಂಡು ಅಡ್ಡ ಬಂದಿತ್ತು. ಅಂಜಿನೇಯ ನೋಡಿ ಬರುತ್ತೇನೆಂದು ಇಳಿದುಹೋದ.

ಈಗ ಬಿಟ್ಟರೆ ಇನ್ನಿಲ್ಲ. ಭಾನುವಾರ ಅಪ್ಪ ಗೊತ್ತುಮಾಡಿದ ಗಂಗಾವತಿಯ ಗಂಡಿನ ಜೊತೆ ಅವಳ ನಿಶ್ಚಿತಾರ್ಥ!

“ನಾನು ಇಷ್ಟ ಆಗಲಿಲ್ಲ ಅಂದ್ರ ಬಾಯಿಬಿಟ್ಟು ಹೇಳಬೇಕಿತ್ರಿ. ಸಿಹಿ ಮುಟ್ಟದ ಎದ್ದುಹೋಗಿ ಯಾಕ ಅವಮಾನ ಮಾಡಿದ್ರಿ?”

ರೇವಣಸಿದ್ದ ತಬ್ಬಿಬ್ಬಾಗಿ ತಿರುಗಿದ.

“ಅವಮಾನ?! ನಮ್ಮ ಮನ್ಯಾಗ ಹುಡುಗಿ ತಾನಾಗಿ ಒಪ್ಪಿಗಿ ಕೊಡೋತನಕ ಗಂಡಿನ ಕಡ್ಯಾವ್ರು ಸಿಹಿ ಮುಟ್ಟಂಗಿಲ್ರಿ. ನಮ್ಮಜ್ಜಿ ಕಾಲದಿಂದ ಹಂಗ ಐತಿ. ನಿಮ್ಮ ಉತ್ತರಕ್ಕ ಎಂಟು ದಿನ ಕಾದೆ... ಹುಡುಗಿಗೆ ಮನಸಿಲ್ಲ ಅಂತ ನಿಮ್ಮ ಮನಿಯಿಂದ ಸುದ್ದಿ ಬಂತು!”

“ನಾನು ಹಂಗ ಅಂದೇ ಇಲ್ಲ! ನನ್ನ ಯಾರೂ ಕೇಳೇ ಇಲ್ರಿ...”

ಹಾಗಾದರೆ ಹೇಳಿದವರು ಯಾರು? ಉತ್ತರ ಅವಳಿಗೆ ತಕ್ಷಣ ಹೊಳೆಯಿತು.

“ಕೇಳಿದ್ದಿದ್ರ... ಏನ ಅಂತಿದ್ರಿ?” ಅವನ ದನಿ ಇಳಿದಿತ್ತು.

ಅಷ್ಟರಲ್ಲಿ ಬಾಗಿಲು ತೆರೆಯಿತು. “ಕುರಿ ದಾಟಿದ್ವು! ಬ್ರೆಜಿಲ್ ಹೊಂಟ್ತು ನೋಡ್ರಿ!” ಎಂದ ಅಂಜಿನೇಯ.

ಮೂರನೆಯವರ ಮುಂದೆ ಹೇಳುವ ಮಾತೇ ಅದು? ಸಂಜೆ ಕೊರಳಿನ ಚೀಟಿ ಒಪ್ಪಿಸಿ ಅವಳು ಕಂಪ್ಲಿಯ ಬಸ್ಸು ಹತ್ತಿದಳು.

ಶನಿವಾರ ಬೆಳಗ್ಗೆ ಅಪ್ಪ ಮರುಳಸಿದ್ದಪ್ಪ ತಮ್ಮ ರೈಸ್ ಮಿಲ್ಲಿನಲ್ಲಿ ಭತ್ತ ನೋಡುತ್ತಿದ್ದರು. ಶೈಲಶ್ರೀ ನೇರವಾಗಿ ಎದುರು ನಿಂತಳು.

“ಅಪ್ಪಾ, ನಾನು ಒಲ್ಲೆ ಅಂದೆ ಅಂತ ಸಂಡೂರಿಗೆ ಹೇಳಿ ಕಳಿಸಿದ್ದು ನೀನಾ?”

ಹಿಡಿಯಲ್ಲಿದ್ದ ಭತ್ತ ಕೆಳಗೆ ಸುರಿಯಿತು.

“ಹ್ಞೂಂ. ಸಿಹಿ ಬಿಟ್ಟು ಎದ್ರಲ್ಲವ್ವಾ! ಅವರು ಬ್ಯಾಡ ಅನ್ನೋಕಿಂತ ಮೊದ್ಲ ನಾವ ಅಂದುಬಿಟ್ರ ನಿನ್ನ ಮಾನ ಉಳೀತೈತಿ ಅಂದ್ಕೊಂಡೆ.”

ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು. ಅಪ್ಪನದು ಮೋಸವಲ್ಲ, ಪ್ರೀತಿಯೇ. ಆದರೆ ಆ ಪ್ರೀತಿಗೆ ಅವಳ ಮಾತು ಬೇಕಿರಲಿಲ್ಲ. ಸಂಡೂರಿನವರ ಪದ್ಧತಿಯನ್ನು ಬಿಡಿಸಿ ಹೇಳಿದಳು.

“ನನ್ನ ಮಾನ ಉಳಿಸಾಕ ಹೋಗಿ ನನ್ನ ಮನಸ ಕೇಳಲಿಲ್ಲಪ್ಪಾ ನೀನು. ಗಂಗಾವತಿಯವ್ರಿಗೆ ಬರಬ್ಯಾಡ್ರಿ ಅಂತ ನಾನ ಹೇಳ್ತೀನಿ. ಅವರ ಹುಡುಗನಿಗೂ ಅನ್ಯಾಯ ಆಗಬಾರದು. ಸಂಡೂರಿನವ್ರಿಗೆ ಮಾತ್ರ ನಿಜ ನೀನ ಹೇಳು.”

“ಹೆಣ್ಣಿನ ಕಡ್ಯಾವ್ರು ನಾವ ಮ್ಯಾಲೆ ಬಿದ್ದು ಫೋನ್ ಮಾಡೋದಾ?!”

ಅವಳು ಕಣ್ಣೀರನ್ನು ಒರೆಸಿಕೊಳ್ಳಲಿಲ್ಲ. ಮರುಳಸಿದ್ದಪ್ಪ ಮಗಳ ಮುಖವನ್ನೇ ನೋಡಿದರು. ಆಮೇಲೆ ಆಫೀಸಿನೊಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಐದು ನಿಮಿಷ... ಹತ್ತು ನಿಮಿಷ... ಮಿಲ್ಲಿನ ಸದ್ದಿನಲ್ಲಿ ಒಳಗಿನದು ಏನೂ ಕೇಳಿಸದು. ಕೊನೆಗೆ ಅವಳದೇ ಫೋನ್ ಕೈಯಲ್ಲಿ ನಡುಗಿತು.

“ನಾನ್ರಿ, ರೇವಣಸಿದ್ದ. ನಿಮ್ಮ ಅಪ್ಪಾರು ಫೋನ್ ಮಾಡಿದ್ರು.” ಅವನ ಹಿಂದೆ ಡೊಳ್ಳು ಬಾರಿಸುತ್ತಿತ್ತು. ಅಸಲಿ ಅತಿಥಿಗಳು ಬರುವ ಹೊತ್ತು.

“ಏನಂದ್ರು?”

“ತಪ್ಪಾತು ಅಂದ್ರು.”

ಹುಟ್ಟಿದಾಗಿನಿಂದ ಆ ಮಾತನ್ನು ಅಪ್ಪನ ಬಾಯಲ್ಲಿ ಅವಳು ಕೇಳಿದವಳಲ್ಲ!

“ನೀವೇನಂದ್ರಿ?”

“ನಂದೂ ತಪ್ಪೈತಿ ಅಂದೆ. ಮಂದಿ ಹೇಳಿದ್ದ ನಂಬಿ ಸುಮ್ಮನ ಕುಂತೆ. ಬಂದು ನಿಮ್ಮನ್ನ ಕೇಳಬೇಕಿತ್ತು. ಮೂರು ತಿಂಗಳಾತು, ನಿಮ್ಮನ್ನ ಮರೆಯಾಕ ಆಗಿಲ್ರಿ ನನಗ... ಈಗ ಕೇಳ್ತೀನಿ. ಶೈಲಶ್ರೀ, ನಿಮಗ ಒಪ್ಪಿಗಿ ಐತೇನ್ರಿ?”

ಇಷ್ಟು ವರ್ಷ ಎಷ್ಟೋ ಜನ ಅವಳನ್ನು ನೋಡಿಹೋಗಿದ್ದರು. ಕೇಳಿದವನು ಇವನೊಬ್ಬನೇ.

“ಹ್ಞೂಂ...”

“ಡೊಳ್ಳಿನಾಗ ಕೇಳವಲ್ದು! ಜೋರಾಗಿ ಹೇಳ್ರಿ!”

“ಒಪ್ಪಿಗಿ ಐತ್ರೀ...!”

ಹಮಾಲರು ಚೀಲ ಹೊತ್ತುಕೊಂಡೇ ತಿರುಗಿ ನೋಡಿದರು. ಆಫೀಸಿನ ಬಾಗಿಲಲ್ಲಿ ನಿಂತಿದ್ದ ಮರುಳಸಿದ್ದಪ್ಪ ಟವೆಲಿನಿಂದ ಮುಖ ಒರೆಸಿಕೊಂಡರು.

“ಇನ್ನೊಂದ್ಸಲ ಹೇಳ್ರಿ,” ಎಂದ ರೇವಣಸಿದ್ದ.

“ಯಾಕ್ರಿ? ಈಗಲೂ ಕೇಳಿಸಲಿಲ್ಲೇನು?”

“ಕೇಳಿಸ್ತು... ಅದಕ್ಕ ಹೇಳ್ರಿ ಅಂದೆ.”